ದೇಹದ ತೂಕ 58, ಶ್ವಾಸಕೋಶದ ಲೆಕ್ಕ 41.5: ಒಂದು ಪ್ರಕರಣ ಅಧ್ಯಯನ

ರೋಗಿ 64 ವರ್ಷದ ಮಹಿಳೆ. ಮಲೆನಾಡಿನ ಅಂಚಿನ ಹಳ್ಳಿಯವರು. ಎತ್ತರ 148 ಸೆಂ.ಮೀ., ತೂಕ 58 ಕೆ.ಜಿ. ಜಠರದ ಕೆಳಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದು ದಾರಿ ಕಿರಿದಾಗಿತ್ತು. ಬೆಳಿಗ್ಗೆ ತಿಂದದ್ದು ಸಂಜೆ ವಾಂತಿಯಾಗುತ್ತಿತ್ತು. ಸಿ.ಟಿ. ಸ್ಕ್ಯಾನಿನಲ್ಲಿ ಗಡ್ಡೆ ಮೇದೋಜೀರಕ ಗ್ರಂಥಿಗೆ ಒತ್ತಿಕೊಂಡಂತೆ ಕಂಡಿದ್ದರಿಂದ ಲ್ಯಾಪ್ರೋಸ್ಕೋಪಿ ಬೇಡ, ಹೊಟ್ಟೆ ತೆರೆದೇ ಮಾಡೋಣ ಎಂದು ಸರ್ಜನ್ ನಿರ್ಧರಿಸಿದ್ದರು. ನಾಲ್ಕು ಗಂಟೆಯ ಕೆಲಸ, ಗಾಯ ಹೊಟ್ಟೆಯ ಮೇಲ್ಭಾಗದಲ್ಲಿ. ಅಂದರೆ ಶ್ವಾಸಕೋಶಕ್ಕೆ ಅತ್ಯಂತ ತ್ರಾಸ ಕೊಡುವ ಜಾಗ.

ಯಾರ ಗುರುತೂ ಸಿಗಬಾರದೆಂದು ಒಂದೇ ಬಗೆಯ ಕೆಲವು ರೋಗಿಗಳ ವಿವರಗಳನ್ನು ಕೂಡಿಸಿ, ಅಂಕಿಗಳನ್ನು ಹೊಂದಿಸಿ, ಅರಿವಳಿಕೆ ವೈದ್ಯೆಯಾದ ನಾನು ಈ ಪ್ರಕರಣ ಬರೆದಿದ್ದೇನೆ. ಆಪರೇಷನ್ ಹೊತ್ತಿನಲ್ಲಿ ಮತ್ತು ಆಮೇಲೆ ಶ್ವಾಸಕೋಶವನ್ನು ಕಾಪಾಡುವುದು ಹೇಗೆ ಎಂಬುದೇ ವಿಷಯ. ಸಂಶೋಧನೆಗಳ ಅಂಕಿಗಳು ಮಾತ್ರ ಪ್ರಕಟವಾದಂತೆಯೇ ಇವೆ.

ತಪಾಸಣೆಯ ಹಾಳೆಯಲ್ಲಿ ‘ಧೂಮಪಾನ: ಇಲ್ಲ’ ಎಂದು ಬರೆದು ಮುಂದಕ್ಕೆ ಹೋಗಿದ್ದರು. ಬೀಡಿ, ಸಿಗರೇಟು, ಹೊಗೆಸೊಪ್ಪು ಯಾವುದೂ ಇಲ್ಲವೆಂಬುದು ನಿಜವೇ. ಆದರೆ ಮಾತಾಡುವಾಗ ಎರಡು ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಡುಗೆ ಯಾವುದರಲ್ಲಿ ಮಾಡ್ತೀರಮ್ಮ ಎಂದು ಕೇಳಿದೆ. “ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತು ಮೇಡಂ” ಎಂದ ಪಕ್ಕದಲ್ಲಿದ್ದ ಮಗ. ಆಕೆ ಮಗನ ಮುಖ ನೋಡಿ, “ಬಚ್ಚಲ ಹಂಡೆಗೆ ಸೌದೇನೇ ಅಲ್ವೇನೋ, ನಿಂಗೆ ಬಿಸಿನೀರು ಎಲ್ಲಿಂದ ಬತ್ತದೆ?” ಅಂದರು. ಅಲ್ಲಿಗೆ ಇತಿಹಾಸ ಸರಿಹೋಯಿತು. ನಲವತ್ತು ವರ್ಷಕ್ಕೂ ಮೇಲ್ಪಟ್ಟ ಸೌದೆ ಹೊಗೆ, ಅದೂ ಕಿಟಕಿಯಿಲ್ಲದ ಬಚ್ಚಲಲ್ಲಿ. ಊದಿಸಿ ಪರೀಕ್ಷೆ ಮಾಡಿದಾಗ ಉಸಿರುನಾಳ ಕಿರಿದಾಗಿರುವುದು ಸ್ಪಷ್ಟವಾಗಿ ಕಂಡಿತು. ನಮ್ಮ ಕಡೆಯ ಹೆಂಗಸರಲ್ಲಿ ದೀರ್ಘಕಾಲದ ಉಸಿರುನಾಳದ ಕಾಯಿಲೆ ಹುಡುಕಬೇಕಾದರೆ ಸಿಗರೇಟಿನ ಬಗ್ಗೆ ಕೇಳಿ ಪ್ರಯೋಜನವಿಲ್ಲ, ಒಲೆಯ ಬಗ್ಗೆ ಕೇಳಬೇಕು. ಅಡುಗೆಮನೆಯ ಒಲೆ ಮಾತ್ರವಲ್ಲ, ಬಚ್ಚಲಿನದ್ದೂ.

ಉಳಿದದ್ದು ಇಷ್ಟು: ಬೆರಳಿನಲ್ಲಿ ಅಳೆಯುವ ರಕ್ತದ ಆಕ್ಸಿಜನ್ ಪ್ರಮಾಣ, ಅಂದರೆ ಸ್ಯಾಚುರೇಷನ್, 95, ಹಿಮೋಗ್ಲೋಬಿನ್ 9.6, ಎರಡು ವಾರದ ಹಿಂದೆ ಜ್ವರ, ಹಳದಿ ಕಫ.

ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶ ತೊಂದರೆ ಕೊಡುವ ಸಾಧ್ಯತೆ ಎಷ್ಟು ಎಂದು ಅಳೆಯಲು ಅರಿಸ್ಕ್ಯಾಟ್ ಎಂಬ ಅಂಕಪಟ್ಟಿಯಿದೆ. 2010ರಲ್ಲಿ ಸ್ಪೇನಿನ ಕೆಟಲೋನಿಯಾದಲ್ಲಿ ರೂಪುಗೊಂಡದ್ದು. ಅದರ ಪ್ರಕಾರ ಈಕೆಯ ವಯಸ್ಸಿಗೆ 3, ಸ್ಯಾಚುರೇಷನ್‌ಗೆ 8, ಒಂದು ತಿಂಗಳೊಳಗಿನ ಸೋಂಕಿಗೆ 17, ರಕ್ತಹೀನತೆಗೆ 11, ಹೊಟ್ಟೆಯ ಮೇಲ್ಭಾಗದ ಗಾಯಕ್ಕೆ 15, ಮೂರು ಗಂಟೆ ಮೀರುವ ಆಪರೇಷನ್‌ಗೆ 23. ಒಟ್ಟು 77. 45 ದಾಟಿದರೆ ಹೆಚ್ಚಿನ ಅಪಾಯದ ಗುಂಪು, ಆ ಗುಂಪಿನಲ್ಲಿ ನೂರಕ್ಕೆ ಸುಮಾರು 42 ಜನರಿಗೆ ಏನಾದರೊಂದು ಶ್ವಾಸಕೋಶದ ತೊಂದರೆ ಕಾಣಿಸಿಕೊಂಡಿತ್ತು.

ಈ 77ರಲ್ಲಿ ನಮ್ಮ ಕೈಯಲ್ಲಿರುವುದು ಎರಡೇ: ಸೋಂಕಿನ 17, ರಕ್ತಹೀನತೆಯ 11. ಕ್ಯಾನ್ಸರ್ ರೋಗಿಯನ್ನು ಕಾಯಿಸುವುದು ಹೇಗೆ ಎಂದು ಸರ್ಜನ್‌ಗೆ ಅಳುಕಿತ್ತು, ಅದು ನ್ಯಾಯವೇ. ಆದರೆ ಊಟ ಹೋಗದೆ ಸೊರಗಿದವರಿಗೆ ಹೇಗೂ ಮೊದಲು ಪೋಷಣೆ ಕೊಡಬೇಕಿತ್ತು. ಗಡ್ಡೆ ದಾಟಿಸಿ ಸಣ್ಣಕರುಳಿಗೆ ನಳಿಗೆ ಇಳಿಸಿ ದ್ರವಾಹಾರ, ರಕ್ತನಾಳದ ಮೂಲಕ ಕಬ್ಬಿಣಾಂಶ, ಇನ್‌ಹೇಲರ್ ಎಲ್ಲ ಶುರುವಾದವು. ಮೂರು ವಾರದ ಹೊತ್ತಿಗೆ ಕಫ ತಿಳಿಯಾಗಿ ಹಿಮೋಗ್ಲೋಬಿನ್ 10.4ಕ್ಕೆ ಬಂತು. ಅಂಕ 49. ಇನ್ನೂ ಹೆಚ್ಚಿನ ಅಪಾಯದ ಗುಂಪೇ. ಆದರೂ 77ಕ್ಕೂ 49ಕ್ಕೂ ವ್ಯತ್ಯಾಸ ಸಣ್ಣದಲ್ಲ.

ಈ ಮೂರು ವಾರಗಳ ನಡುವೆ ಫಿಸಿಯೋಥೆರಪಿಸ್ಟ್ ಒಂದು ದಿನ ಅರ್ಧ ಗಂಟೆ ಕೂತು, ಆಪರೇಷನ್ ಆದ ಮೇಲೆ ದೀರ್ಘವಾಗಿ ಉಸಿರೆಳೆಯುವುದು ಹೇಗೆ, ಹೊಟ್ಟೆಗೆ ದಿಂಬು ಒತ್ತಿಕೊಂಡು ಕೆಮ್ಮುವುದು ಹೇಗೆ ಎಂದು ಕಲಿಸಿದ್ದರು. ಬಹಳಷ್ಟು ಕಡೆ ಇದನ್ನು ಆಪರೇಷನ್ ಆದ ಮಾರನೇ ದಿನ, ರೋಗಿ ನೋವಿನಲ್ಲಿ ಮುಲುಗುತ್ತಿರುವಾಗ ಕಲಿಸಲು ಹೋಗುತ್ತಾರೆ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ 441 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆ ಕೊಟ್ಟ ಇಂಥ ಒಂದೇ ಒಂದು ಅರ್ಧ ಗಂಟೆಯ ಪಾಠ ಶ್ವಾಸಕೋಶದ ತೊಂದರೆಯನ್ನು ನೂರಕ್ಕೆ 27ರಿಂದ 12ಕ್ಕೆ ಇಳಿಸಿತ್ತು. ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ಇನ್ನೊಂದು ಉಪಾಯ ಈ ಇಡೀ ವಿಷಯದಲ್ಲಿ ನನಗೆ ಗೊತ್ತಿಲ್ಲ.

460 ಎಲ್ಲಿಂದ ಬಂತು

ಆಪರೇಷನ್ ದಿನ. ಹೊಟ್ಟೆಯಲ್ಲಿ ಹಳೆಯ ಊಟ ನಿಂತಿರುವವರನ್ನು ಅರಿವಳಿಕೆಗೆ ಒಳಪಡಿಸುವಾಗ ಅದು ಉಕ್ಕಿ ಶ್ವಾಸನಾಳಕ್ಕೆ ಹೋಗುವ ಭಯವೇ ಮೊದಲನೆಯದು. ಮೂಗಿನಿಂದ ಜಠರಕ್ಕೆ ಇಳಿಸುವ ರೈಲ್ಸ್ ಟ್ಯೂಬಿನಿಂದ ಎಳೆದಾಗ ಸುಮಾರು 300 ಮಿ.ಲೀ. ಬಂತು. ತಲೆಭಾಗ ಎತ್ತರಿಸಿ, ಮಾಸ್ಕಿನಲ್ಲಿ ಶುದ್ಧ ಆಕ್ಸಿಜನ್ ಕೊಟ್ಟು, ನಡುವೆ ಬ್ಯಾಗ್ ಒತ್ತದೆ ಔಷಧ ಹಾಕಿದ ಕೂಡಲೇ ಶ್ವಾಸನಾಳಕ್ಕೆ ಉಸಿರಾಟದ ನಳಿಗೆ ಇಳಿಸಿದೆವು. ತುಟಿಯ ಬಳಿ 20 ಸೆಂ.ಮೀ. ಗುರುತಿಗೆ ಕಟ್ಟಿದ್ದಾಯಿತು.

ಶುದ್ಧ ಆಕ್ಸಿಜನ್‌ಗೆ ಒಂದು ಕೆಟ್ಟ ಗುಣವಿದೆ. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚಿನ ಪಾಲು ನೈಟ್ರೋಜನ್. ಅದು ರಕ್ತಕ್ಕೆ ಅಷ್ಟಾಗಿ ಸೇರದೆ ವಾಯುಕೋಶದಲ್ಲೇ ಉಳಿದು ಅದನ್ನು ತೆರೆದಿಡುತ್ತದೆ. ಬರೀ ಆಕ್ಸಿಜನ್ ತುಂಬಿದ ವಾಯುಕೋಶದ ದಾರಿ ಮುಚ್ಚಿಕೊಂಡರೆ ಒಳಗಿದ್ದದ್ದೆಲ್ಲ ರಕ್ತ ಹೀರಿಕೊಂಡು ಕೋಶ ಕುಸಿಯುತ್ತದೆ. ಹಾಗೆಂದು ನಳಿಗೆ ಇಳಿಸುವ ಮುಂಚೆ ಆಕ್ಸಿಜನ್ ಕಡಿಮೆ ಮಾಡಿ ಜಾಣತನ ತೋರಿಸುವುದು ಸಲ್ಲದು. ಆ ಎರಡು ಮೂರು ನಿಮಿಷದ ಸಂಗ್ರಹವೇ ಜೀವ ಉಳಿಸುವುದು. ನಳಿಗೆ ಸರಿಯಾಗಿ ಕೂತ ಮೇಲೆ 40 ಶೇಕಡಕ್ಕೆ ಇಳಿಸಿದೆವು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗಾಯದ ಸೋಂಕು ತಡೆಯಲು 80 ಶೇಕಡ ಆಕ್ಸಿಜನ್ ಕೊಡಿ ಎಂದು ಹೇಳಿತ್ತು. ಅರಿವಳಿಕೆ ತಜ್ಞರಿಂದ ಸಾಕಷ್ಟು ತಕರಾರು ಬಂದು 2018ರಲ್ಲಿ ಆ ಶಿಫಾರಸಿನ ಬಿಗಿಯನ್ನು ಸಡಿಲಿಸಿತು. ನನಗೆ ಮೊದಲಿಂದಲೂ ಅದು ಒಪ್ಪಿಗೆಯಾಗಿರಲಿಲ್ಲ.

ನಾನು ಬೆನ್ನಿನ ಸಣ್ಣ ಕೊಳವೆಯಿಂದ ನೋವಿನ ಔಷಧ ಹರಿಸುವ ಎಪಿಡ್ಯೂರಲ್ ಪಂಪ್ ಸಿದ್ಧ ಮಾಡಿ ತಿರುಗುವಷ್ಟರಲ್ಲಿ ಪಿ.ಜಿ. ವಿದ್ಯಾರ್ಥಿ ವೆಂಟಿಲೇಟರ್‌ಗೆ ಅಂಕಿ ತುಂಬಿದ್ದ. ಒಂದು ಉಸಿರಿಗೆ 460 ಮಿ.ಲೀ., ನಿಮಿಷಕ್ಕೆ 12 ಉಸಿರು, ಪೀಪ್ (ಉಸಿರು ಹೊರಬಿಟ್ಟ ಮೇಲೂ ಒಳಗೆ ಉಳಿಸುವ ಒತ್ತಡ) ಸೊನ್ನೆ.

“ಯಾಕಪ್ಪಾ 460?”

“ಮೇಡಂ, 58 ಕೆ.ಜಿ., ಕೆ.ಜಿ.ಗೆ ಎಂಟರಂತೆ. 464 ಬಂತು, 460 ಇಟ್ಟೆ.”

ಎಂಟು ಎಂಬುದು ಸರಿ. ತಪ್ಪಿದ್ದು 58. ಮನುಷ್ಯ ದಪ್ಪವಾದರೆ ಹೊಟ್ಟೆ, ಸೊಂಟ ಬೆಳೆಯುತ್ತವೆಯೇ ಹೊರತು ಶ್ವಾಸಕೋಶವಲ್ಲ. ಅದರ ಗಾತ್ರ ನಿಂತಿರುವುದು ಎತ್ತರದ ಮೇಲೆ, ಗಂಡೋ ಹೆಣ್ಣೋ ಎಂಬುದರ ಮೇಲೆ. ಅದಕ್ಕೆ ಬಳಸುವ ಸೂತ್ರ ಎಲ್ಲರಿಗೂ ಗೊತ್ತಿರುವಂಥದ್ದೇ: ಸೆಂಟಿಮೀಟರ್‌ನಲ್ಲಿ ಎತ್ತರದಿಂದ 152.4 ಕಳೆದು, 0.91ರಿಂದ ಗುಣಿಸಿ, ಹೆಂಗಸರಾದರೆ 45.5, ಗಂಡಸರಾದರೆ 50 ಕೂಡಿಸುವುದು. 148 ಸೆಂ.ಮೀ.ನ ಈಕೆಗೆ 41.5 ಕೆ.ಜಿ. ಬರುತ್ತದೆ. 460ನ್ನು 41.5ರಿಂದ ಭಾಗಿಸಿದರೆ 11. ಎಂಟು ಕೊಡುತ್ತಿದ್ದೇನೆಂದು ನಂಬಿದ್ದ ಹುಡುಗ ನಿಜವಾಗಿ ಹನ್ನೊಂದು ಕೊಡುತ್ತಿದ್ದ.

ಅವನನ್ನು ಬೈದು ಫಲವಿಲ್ಲ. ದೊಡ್ಡ ಉಸಿರು ಕೊಡುವ ರೂಢಿಗೆ ಹಳೆಯ, ಗೌರವದ ಹಿನ್ನೆಲೆಯಿದೆ. 1963ರಲ್ಲಿ ಬೋಸ್ಟನ್ನಿನ ಬೆಂಡಿಕ್ಸನ್ ಮತ್ತು ಸಂಗಡಿಗರು, ಅರಿವಳಿಕೆಯಲ್ಲಿ ಸಣ್ಣ ಸಣ್ಣ ಉಸಿರನ್ನೇ ಕೊಡುತ್ತಾ ಹೋದರೆ ರಕ್ತದ ಆಕ್ಸಿಜನ್ ಇಳಿಯುತ್ತದೆ, ನಡುವೆ ಕೆಲವು ದೀರ್ಘ ಉಸಿರು ಕೊಟ್ಟರೆ ಮೇಲೇರುತ್ತದೆ ಎಂದು ತೋರಿಸಿಕೊಟ್ಟರು. ಶ್ವಾಸಕೋಶ ಕುಸಿಯುತ್ತದೆಂಬ ಅವರ ಊಹೆ ಸರಿಯಾಗಿತ್ತು. 1985ರಲ್ಲಿ ಸ್ವೀಡನ್ನಿನವರು ಅರಿವಳಿಕೆ ಕೊಟ್ಟ ರೋಗಿಗಳನ್ನು ಸಿ.ಟಿ. ಯಂತ್ರದಲ್ಲಿ ಮಲಗಿಸಿ ನೋಡಿದಾಗ, ಬೆನ್ನಿನ ಕಡೆಯ ಶ್ವಾಸಕೋಶ ಕೆಲವೇ ನಿಮಿಷಗಳಲ್ಲಿ ಕುಸಿದದ್ದು ಕಣ್ಣಿಗೆ ಕಂಡಿತು. ಹತ್ತರಲ್ಲಿ ಒಂಬತ್ತು ಜನರಲ್ಲಿ ಇದು ಆಗುತ್ತದೆ, ಆರೋಗ್ಯವಂತರಲ್ಲೂ. ಮಲಗಿದಾಗಲೇ ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಮುಕ್ಕಾಲು ಲೀಟರಿಗೂ ಮೇಲೆ ಕಡಿಮೆಯಾಗಿರುತ್ತದೆ. ಅರಿವಳಿಕೆಯಲ್ಲಿ ಪಕ್ಕೆಲುಬು ಮತ್ತು ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ) ಬಿಗಿ ಸಡಿಲವಾಗಿ ಇನ್ನೂ ಸುಮಾರು ಅರ್ಧ ಲೀಟರ್ ಇಳಿಯುತ್ತದೆ.

ಕುಸಿಯುತ್ತದೆ, ಆದ್ದರಿಂದ ಜೋರಾಗಿ ಊದು ಎಂಬ ತರ್ಕ ದಶಕಗಳ ಕಾಲ ನಡೆಯಿತು. ಊದಿದ ಗಾಳಿ ಕುಸಿದ ಭಾಗಕ್ಕೆ ಹೋಗುವುದಿಲ್ಲ, ತೆರೆದಿರುವ ಭಾಗವನ್ನೇ ಇನ್ನಷ್ಟು ಹಿಗ್ಗಿಸುತ್ತದೆ ಎಂಬುದು ಐ.ಸಿ.ಯು.ಗಳಲ್ಲಿ ಮೊದಲು ಅರ್ಥವಾದದ್ದು. 2000ದಲ್ಲಿ ಅಮೆರಿಕದ 861 ರೋಗಿಗಳ ಅಧ್ಯಯನದಲ್ಲಿ, ಶ್ವಾಸಕೋಶ ತೀವ್ರವಾಗಿ ಕೆಟ್ಟವರಿಗೆ ಕೆ.ಜಿ.ಗೆ 12 ಮಿ.ಲೀ. ಬದಲು 6 ಕೊಟ್ಟಾಗ ಸಾವು ನೂರಕ್ಕೆ 39.8ರಿಂದ 31ಕ್ಕೆ ಇಳಿಯಿತು. ಆ ಪಾಠ ಓಟಿಯೊಳಗೆ, ಅಂದರೆ ಆಪರೇಷನ್ ಥಿಯೇಟರಿನೊಳಗೆ, ಬರಲು ಇನ್ನೂ ಹತ್ತು ಹನ್ನೆರಡು ವರ್ಷ ಹಿಡಿಯಿತು. ಓಟಿಯೊಳಗೂ ಈ ತಪ್ಪಿಗೆ ಹೆಚ್ಚು ಬಲಿಯಾಗುವವರು ಗಿಡ್ಡ ಹೆಂಗಸರು. ಆರಡಿ ಗಂಡಸಿಗೆ 500 ಮಿ.ಲೀ. ಇಟ್ಟರೆ ಏನೂ ಕೆಡುವುದಿಲ್ಲ. ಅದೇ 500 ಈಕೆಗೆ ಕೆ.ಜಿ.ಗೆ ಹನ್ನೆರಡು.

ಅಂಕಿ ಬದಲಿಸುವ ಮುಂಚೆ 460ರಲ್ಲೇ ಉಸಿರನ್ನು ತುಸು ತಡೆದು ಪ್ಲಾಟೋ ಒತ್ತಡ, ಅಂದರೆ ಹರಿವು ನಿಂತಾಗ ಶ್ವಾಸಕೋಶದೊಳಗಿರುವ ಒತ್ತಡ, ನೋಡಿದೆವು: 21. ಉಸಿರಿನ ಒತ್ತಡಗಳೆಲ್ಲ ಸೆಂಟಿಮೀಟರ್ ನೀರಿನ ಲೆಕ್ಕ. ಮುಂದೆ ಬರೀ ಅಂಕಿ ಬರೆಯುತ್ತೇನೆ. ಪೀಪ್ ಸೊನ್ನೆಯಿದ್ದುದರಿಂದ ಪ್ರತಿ ಉಸಿರಿಗೂ ಶ್ವಾಸಕೋಶ 21ರಷ್ಟು ಎಳೆತಕ್ಕೆ ಸಿಕ್ಕುತ್ತಿತ್ತು. ಈ ಎಳೆತವೇ ಡ್ರೈವಿಂಗ್ ಪ್ರೆಶರ್: ಪ್ಲಾಟೋದಲ್ಲಿ ಪೀಪ್ ಕಳೆದರೆ ಉಳಿಯುವುದು.

ಉಸಿರನ್ನು 290ಕ್ಕೆ, ಅಂದರೆ ಕೆ.ಜಿ.ಗೆ 7ಕ್ಕೆ ಇಳಿಸಿ, ಪೀಪ್ 5 ಇಟ್ಟೆವು. ಪ್ಲಾಟೋ 17, ಡ್ರೈವಿಂಗ್ ಪ್ರೆಶರ್ 12. ಆಮೇಲೆ ವೆಂಟಿಲೇಟರ್ ಮೂಲಕವೇ ಒತ್ತಡವನ್ನು ಹಂತಹಂತವಾಗಿ ಏರಿಸಿ ಕುಸಿದ ಭಾಗ ತೆರೆಸಿದೆವು, ರಿಕ್ರೂಟ್‌ಮೆಂಟ್ ಎನ್ನುತ್ತಾರೆ. ತರಕಾರಿ ಅಂಗಡಿಯ ಹೊಸ ಪ್ಲಾಸ್ಟಿಕ್ ಕವರ್‌ನ ಬಾಯಿ ಬಿಡಿಸಲು ಒಮ್ಮೆ ಬಲ ಬೇಕು, ಬಿಡಿಸಿದ ಮೇಲೆ ಬೆರಳು ಇಟ್ಟುಕೊಂಡರೆ ಸಾಕು. ಆ ಬೆರಳಿನ ಕೆಲಸ ಪೀಪ್‌ದು. ತೆರೆಸಿ ಪೀಪ್ 6ರಲ್ಲಿ ನಿಲ್ಲಿಸಿದಾಗ ಪ್ಲಾಟೋ 15, ಡ್ರೈವಿಂಗ್ ಪ್ರೆಶರ್ 9. ಪೀಪ್ 8 ಮಾಡಿ ನೋಡಿದೆವು, ಪ್ಲಾಟೋ 18 ಆಯಿತು, ವ್ಯತ್ಯಾಸ 10. ಮೇಲೆ ಹೋದರೆ ಲಾಭವಿಲ್ಲವೆಂದು ಅದೇ ಹೇಳಿತು, 6ಕ್ಕೆ ಮರಳಿದೆವು.

ಉಸಿರು ಸಣ್ಣದಾದ್ದರಿಂದ ಕಾರ್ಬನ್ ಡೈಆಕ್ಸೈಡ್ ಏರತೊಡಗಿತು, 46 (ಇದು ಮಿ.ಮೀ. ಪಾದರಸದ ಲೆಕ್ಕ). ನಿಮಿಷಕ್ಕೆ 20 ಉಸಿರು ಕೊಟ್ಟು ಅದನ್ನು 35ಕ್ಕೆ ತಂದು ಕೂರಿಸುವ ಆಸೆ ಹುಡುಗನದು. ಸೌದೆ ಹೊಗೆ ತಿಂದ ಶ್ವಾಸನಾಳದಲ್ಲಿ ಗಾಳಿ ಹೊರಹೋಗಲು ಹೊತ್ತು ಬೇಕು. ಅದು ಪೂರ್ತಿ ಹೋಗುವ ಮುನ್ನ ಮುಂದಿನ ಉಸಿರು ನುಗ್ಗಿದರೆ ಒಳಗೆ ಗಾಳಿ ಜಮೆಯಾಗುತ್ತದೆ. ಪರದೆಯ ಮೇಲೆ ಹರಿವಿನ ಗೆರೆ ಸೊನ್ನೆ ಮುಟ್ಟುತ್ತಿದೆಯೇ ಎಂದು ನೋಡುತ್ತಾ 16ಕ್ಕೆ ನಿಲ್ಲಿಸಿದೆವು. 42ರಲ್ಲಿ ನಿಂತಿತು. ಅಷ್ಟಿರಲಿ.

ಎರಡೂವರೆ ಗಂಟೆಯ ಹೊತ್ತಿಗೆ

ಗಾಯವನ್ನು ಅಗಲಿಸಿ ಹಿಡಿಯುವ ರಿಟ್ರಾಕ್ಟರ್ ಹಾಕಿ, ಎಡ ವಪೆಯ ಕೆಳಗೆ ಬಟ್ಟೆಯ ಮಾಪ್ ತುರುಕಿ, ಜಠರ ಬಿಡಿಸುವ ಕೆಲಸ ನಡೆದಿತ್ತು. 99 ಇದ್ದ ಸ್ಯಾಚುರೇಷನ್ 97, 95, ಕೊನೆಗೆ 93ಕ್ಕೆ ಇಳಿಯಿತು. ಯಂತ್ರದ ಸದ್ದಿನ ಸ್ವರ ಇಳಿಯುತ್ತಾ ಬಂದರೆ ಸರ್ಜನ್ ಕೂಡ ತಲೆ ಎತ್ತುತ್ತಾರೆ.

“ಏನ್ ಮೇಡಂ, ನಿಲ್ಲಿಸ್ಬೇಕಾ?”

“ಒಂದ್ ನಿಮಿಷ ಸರ್. ಕೈ ಹಾಗೇ ಇರಲಿ.”

ಇಂಥ ಹೊತ್ತಿನಲ್ಲಿ ಆಕ್ಸಿಜನ್ ನೂರಕ್ಕೆ ಏರಿಸುವುದು ಮೊದಲ ಕೆಲಸ, ಅದನ್ನು ಮಾಡಿದೆವು. ಅಪಾಯವಿರುವುದು ಅಲ್ಲಿಗೇ ನಿಂತುಬಿಡುವುದರಲ್ಲಿ. ಅಂಕಿ 99ಕ್ಕೆ ಏರುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ, ಒಳಗೆ ಕುಸಿದದ್ದು ಕುಸಿದೇ ಇರುತ್ತದೆ.

ಗಿಡ್ಡ ರೋಗಿಗಳಲ್ಲಿ ನಳಿಗೆ ಸುಲಭವಾಗಿ ಬಲ ಶ್ವಾಸಕೋಶದೊಳಕ್ಕೆ ಜಾರುತ್ತದೆ, ಹಾಗಾಗಿ ಮೊದಲು ಅದನ್ನೇ ನೋಡಿದೆವು. 20ರ ಗುರುತು ತುಟಿಯಲ್ಲೇ ಇತ್ತು. ಎದೆ ಎರಡೂ ಕಡೆ ಏಳುತ್ತಿತ್ತು, ಆದರೆ ಎಡ ತಳದಲ್ಲಿ ಉಸಿರಿನ ಸದ್ದು ಕ್ಷೀಣ. ಗರಿಷ್ಠ ಒತ್ತಡ 24ರಿಂದ 29ಕ್ಕೆ, ಪ್ಲಾಟೋ 15ರಿಂದ 20ಕ್ಕೆ ಏರಿತ್ತು. ಉಸಿರುನಾಳ ಹಿಡಿದುಕೊಂಡಿದ್ದರೆ ಗರಿಷ್ಠ ಮಾತ್ರ ಏರಿ ಪ್ಲಾಟೋ ಅಲ್ಲೇ ಇರಬೇಕಿತ್ತು. ಎರಡೂ ಸಮಸಮ ಏರಿವೆ ಎಂದರೆ ಶ್ವಾಸಕೋಶವೇ ಗಡುಸಾಗಿದೆ, ಅಥವಾ ಅದನ್ನು ಏನೋ ಒತ್ತುತ್ತಿದೆ. ಎದೆಯೊಳಗೆ ಗಾಳಿ ಸೋರಿದರೂ ಹೀಗೇ ಆಗುತ್ತದೆ; ಅಲ್ಟ್ರಾಸೌಂಡ್ ಇಟ್ಟು ನೋಡಿದೆವು, ಎರಡೂ ಕಡೆ ಶ್ವಾಸಕೋಶದ ಅಂಚು ಜಾರುತ್ತಿತ್ತು. ಆ ಭಯ ಹೋಯಿತು.

ಇಷ್ಟರಲ್ಲಿ ಕಫವಿರಬಹುದೆಂದು ಹುಡುಗ ನಳಿಗೆಯಿಂದ ಸರ್ಕ್ಯೂಟ್ (ವೆಂಟಿಲೇಟರ್‌ನ ಕೊಳವೆ) ಬಿಚ್ಚಿ ಸಕ್ಷನ್ ಹಾಕಿದ. ಗಟ್ಟಿ ಕಫ ಸ್ವಲ್ಪ ಬಂತು. ಆದರೆ ಮತ್ತೆ ಜೋಡಿಸುವಷ್ಟರಲ್ಲಿ, ನೂರು ಶೇಕಡ ಆಕ್ಸಿಜನ್‌ನಲ್ಲೂ, ಸ್ಯಾಚುರೇಷನ್ 91. ಪೀಪ್ ಕಷ್ಟಪಟ್ಟು ಹಿಡಿದಿಟ್ಟದ್ದನ್ನು ಸರ್ಕ್ಯೂಟ್ ಬಿಚ್ಚಿದ ಹತ್ತು ಸೆಕೆಂಡು ಬಿಟ್ಟುಕೊಟ್ಟಿತ್ತು, ಸಕ್ಷನ್ ಉಳಿದದ್ದನ್ನೂ ಎಳೆದಿತ್ತು. ಕಫ ತೆಗೆಯಬಾರದೆಂದಲ್ಲ. ತೆಗೆದ ಮೇಲೆ ಮತ್ತೆ ತೆರೆಸುವುದನ್ನು ಮರೆತರೆ ಅರ್ಧ ಕೆಲಸ.

ಸರ್ಜನ್‌ಗೆ ಹೇಳಿ ವಪೆಯ ಕೆಳಗಿನ ಮಾಪ್ ತೆಗೆಸಿ, ರಿಟ್ರಾಕ್ಟರ್ ಸಡಿಲಿಸಿದೆವು. ಒಂದು ಉಸಿರಿನ ಎಳೆತವನ್ನು 15ರಲ್ಲಿ ಇಟ್ಟು ಪೀಪ್ 5, 10, 15 ಎಂದು ಏರಿಸುತ್ತಾ ಹೋದೆವು, 20ಕ್ಕೆ ಹೋಗುವ ಯೋಜನೆ. 15ರಲ್ಲೇ ಮೇಲಿನ ರಕ್ತದೊತ್ತಡ 116ರಿಂದ 82ಕ್ಕೆ ಬಿತ್ತು. ಎದೆಯೊಳಗಿನ ಒತ್ತಡ ಏರಿದಾಗ ಹೃದಯಕ್ಕೆ ರಕ್ತ ಮರಳುವುದು ಕಡಿಮೆಯಾಗುತ್ತದೆ; ಎಪಿಡ್ಯೂರಲ್ ಬೇರೆ ಕೆಲಸ ಮಾಡುತ್ತಿತ್ತು. ತಕ್ಷಣ ಇಳಿಸಿ, ರಕ್ತದೊತ್ತಡ ಏರಿಸುವ ಫಿನೈಲೆಫ್ರಿನ್ ಕೊಟ್ಟು, ಸ್ವಲ್ಪ ದ್ರವ ಹರಿಸಿ, ಒತ್ತಡ ಸರಿಯಾದ ಮೇಲೆ ಇನ್ನೊಮ್ಮೆ ಮಾಡಿದೆವು. ಈ ಸಲ ಒಟ್ಟು 30ಕ್ಕೇ ನಿಲ್ಲಿಸಿದ್ದು. ಪ್ಲಾಟೋ 16ಕ್ಕೆ ಇಳಿಯಿತು, ಸ್ಯಾಚುರೇಷನ್ ಏರಿತು. ಆಕ್ಸಿಜನ್ ಮತ್ತೆ 40 ಶೇಕಡಕ್ಕೆ ತಂದ ಮೇಲೂ 97 ನಿಂತಿತು. ಮಾಪ್ ಮತ್ತೆ ಹೋಯಿತು, ಮೊದಲಿಗಿಂತ ತೆಳ್ಳಗೆ ಮಡಿಸಿ.

ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ

ಇಲ್ಲಿ ನಾವು ಮಾಡಿದ್ದಕ್ಕೆಲ್ಲ ಆಧಾರ ಗಟ್ಟಿಯಾಗಿದೆಯೇ ಎಂದು ಯಾರಾದರೂ ಕೇಳಬಹುದು, ಕೇಳಬೇಕು ಕೂಡ. 2013ರಲ್ಲಿ ಫ್ರಾನ್ಸಿನ ಇಂಪ್ರೂವ್ ಎಂಬ ಅಧ್ಯಯನ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯ 400 ರೋಗಿಗಳನ್ನು ಎರಡು ಗುಂಪು ಮಾಡಿತು. ಒಂದಕ್ಕೆ ಕೆ.ಜಿ.ಗೆ 10ರಿಂದ 12, ಪೀಪ್ ಇಲ್ಲ. ಇನ್ನೊಂದಕ್ಕೆ 6ರಿಂದ 8, ಪೀಪ್ 6ರಿಂದ 8, ಅರ್ಧ ಗಂಟೆಗೊಮ್ಮೆ ರಿಕ್ರೂಟ್‌ಮೆಂಟ್. ಮೊದಲ ವಾರದ ದೊಡ್ಡ ತೊಂದರೆಗಳು ನೂರಕ್ಕೆ 27.5 ಇದ್ದದ್ದು 10.5ಕ್ಕೆ ಇಳಿದವು. ಎಲ್ಲರೂ ಹಿಗ್ಗಿದರು. ಆದರೆ ಮೂರು ವಿಷಯ ಒಟ್ಟಿಗೇ ಬದಲಾಗಿದ್ದವು, ಫಲ ಯಾವುದರದು?

ಮರುವರ್ಷ ಬಂದ ಪ್ರೋವ್‌ಹಿಲೋ 900 ರೋಗಿಗಳ ಅಧ್ಯಯನ. ಎರಡೂ ಗುಂಪಿಗೆ ಕೆ.ಜಿ.ಗೆ 8, ಒಂದಕ್ಕೆ ಪೀಪ್ 12 ಮತ್ತು ರಿಕ್ರೂಟ್‌ಮೆಂಟ್, ಇನ್ನೊಂದಕ್ಕೆ ಪೀಪ್ 2ರೊಳಗೆ. ತೊಂದರೆ 40 ಮತ್ತು 39 ಶೇಕಡ, ಅಂದರೆ ವ್ಯತ್ಯಾಸವಿಲ್ಲ. ಹೆಚ್ಚು ಪೀಪ್ ಕೊಟ್ಟವರಲ್ಲಿ ರಕ್ತದೊತ್ತಡ ಬೀಳುವುದು ಮಾತ್ರ ಹೆಚ್ಚು. ನಮ್ಮ ಟೇಬಲ್ ಮೇಲೆ ಕಂಡದ್ದೂ ಅದೇ. 2020ರಲ್ಲಿ ಮೆಲ್ಬರ್ನ್‌ನವರು 1,236 ರೋಗಿಗಳಲ್ಲಿ ಪೀಪ್ 5 ಎಂದು ಸಮ ಮಾಡಿ, ಉಸಿರನ್ನು ಕೆ.ಜಿ.ಗೆ 6 ಮತ್ತು 10 ಎಂದು ಬೇರೆ ಮಾಡಿದರು. 38 ಮತ್ತು 39. ಮತ್ತೆ ವ್ಯತ್ಯಾಸವಿಲ್ಲ.

ಇದನ್ನು ಓದಿ ‘ಹಾಗಾದರೆ ಏನು ಇಟ್ಟರೂ ಒಂದೇ’ ಎನ್ನುವ ಸಹೋದ್ಯೋಗಿಗಳಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೊದಲನೆಯದಾಗಿ, 27.5 ಮತ್ತು 40 ಎಂಬ ಅಂಕಿಗಳು ಒಂದೇ ವಸ್ತುವನ್ನು ಎಣಿಸಿಲ್ಲ. ಫ್ರಾನ್ಸಿನವರು ಎಣಿಸಿದ್ದು ನ್ಯುಮೋನಿಯ, ಉಸಿರಾಟಕ್ಕೆ ಯಂತ್ರ ಬೇಕಾಗುವುದು, ಸೆಪ್ಸಿಸ್, ಸಾವು ಇಂಥವನ್ನು. ಪ್ರೋವ್‌ಹಿಲೋ ಪಟ್ಟಿಯಲ್ಲಿ ಆಕ್ಸಿಜನ್ ಕೊಂಚ ಇಳಿದದ್ದೂ, ಎಕ್ಸ್‌ರೇಯಲ್ಲಿ ಸಣ್ಣ ಕುಸಿತ ಕಂಡದ್ದೂ ಸೇರಿತ್ತು. ಎರಡನೆಯದಾಗಿ, ಮೆಲ್ಬರ್ನ್‌ನವರ 10 ಎಂಬುದು ಎತ್ತರದಿಂದ ಲೆಕ್ಕ ಹಾಕಿದ 10, ಪೀಪ್ ಜೊತೆಗೆ. ಪೀಪ್ ಇಲ್ಲದೆ, ಗಿಡ್ಡ ಹೆಂಗಸಿಗೆ ಮೈತೂಕದ ಮೇಲೆ ಸಿಕ್ಕುವ 11 ಬೇರೆಯೇ ಕಥೆ. ಮತ್ತೆ, 2016ರಲ್ಲಿ 17 ಅಧ್ಯಯನಗಳ ರೋಗಿಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ತೊಂದರೆಯ ಜೊತೆಜೊತೆಗೆ ಏರುತ್ತಿದ್ದದ್ದು ಡ್ರೈವಿಂಗ್ ಪ್ರೆಶರ್. ಪೀಪ್ ಏರಿಸಿದಾಗ ಡ್ರೈವಿಂಗ್ ಪ್ರೆಶರ್ ಕೂಡ ಏರಿದವರಲ್ಲಿ ತೊಂದರೆ ಹೆಚ್ಚು. ಜೊತೆಗೆ ಏರುತ್ತದೆಂದ ಮಾತ್ರಕ್ಕೆ ಅದೇ ಕಾರಣವೆಂದು ಸಾಬೀತಾಗುವುದಿಲ್ಲ, ಕೆಟ್ಟ ಶ್ವಾಸಕೋಶದಲ್ಲಿ ಅದು ಹೇಗೂ ಹೆಚ್ಚೇ. ಆದರೂ ಟೇಬಲ್ ಮೇಲಿರುವ ಈ ಒಬ್ಬ ರೋಗಿಗೆ ಯಾವ ಪೀಪ್ ಸರಿ ಎಂದು ಕೇಳಿದರೆ ಉತ್ತರಕ್ಕೆ ನನಗೆ ಸುಲಭವಾಗಿ ಸಿಗುವ ಅಂಕಿ ಅದೇ. ಅದನ್ನು ನೋಡಲು ಖರ್ಚೂ ಇಲ್ಲ, ಒಂದು ಗುಂಡಿ ಒತ್ತಿದರಾಯಿತು.

ನಳಿಗೆ ತೆಗೆದ ಮೇಲೆ

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಆಪರೇಷನ್ ಮುಗಿಯಿತು. ಸ್ನಾಯು ಸಡಿಲಿಸುವ ಔಷಧದ ಪ್ರಭಾವ ತೆಗೆಯಲು ನಿಯೋಸ್ಟಿಗ್ಮಿನ್ ಕೊಟ್ಟು, ಮಣಿಕಟ್ಟಿನ ನರಕ್ಕೆ ಮಾನಿಟರ್ ಹಚ್ಚಿ ನೋಡಿದರೆ ಸ್ನಾಯುಬಲದ ಅನುಪಾತ 0.75 (ಪೂರ್ತಿ ಮರಳಿದ್ದರೆ 1). ಕಣ್ಣು ಬಿಟ್ಟಿದ್ದರು, ಕೈ ಅಮುಕಿ ಎಂದರೆ ಅಮುಕುತ್ತಿದ್ದರು. ಮಾನಿಟರ್ ಇಲ್ಲದಿದ್ದರೆ ಅಲ್ಲೇ ನಳಿಗೆ ತೆಗೆದುಬಿಡುತ್ತಿದ್ದೆವು. 0.9ಕ್ಕಿಂತ ಕೆಳಗೆ ಗಂಟಲಿನ ಸ್ನಾಯುಗಳು ನುಂಗಲು, ಕೆಮ್ಮಲು ಪೂರ್ತಿ ಸಜ್ಜಾಗಿರುವುದಿಲ್ಲ. ಸರ್ಜರಿಯವರು ಮುಂದಿನ ಕೇಸಿಗೆ ಅವಸರ ಮಾಡುತ್ತಿದ್ದರೂ ಕಾದೆವು. 0.93 ಆದ ಮೇಲೆ, ತಲೆಭಾಗ ಎತ್ತರಿಸಿ, ನಳಿಗೆ ತೆಗೆದೆವು.

ಮೊದಲ ದಿನ ಎಲ್ಲ ಚೆನ್ನಾಗಿತ್ತು. ಕುರ್ಚಿಯಲ್ಲಿ ಕೂತರು, ನಾಲ್ಕು ಹೆಜ್ಜೆ ನಡೆದರು. ಎರಡನೇ ದಿನ ಬೆಳಿಗ್ಗೆ ರೌಂಡ್ಸ್‌ನಲ್ಲಿ ನಿಮಿಷಕ್ಕೆ 28 ಉಸಿರು, ಆಕ್ಸಿಜನ್ ಇಲ್ಲದೆ ಸ್ಯಾಚುರೇಷನ್ 88, ಜ್ವರ 100.4. ಎಕ್ಸ್‌ರೇಯಲ್ಲಿ ಎಡ ತಳ ಬೆಳ್ಳಗೆ. ನ್ಯುಮೋನಿಯವೇ ಇರಬೇಕು, ದೊಡ್ಡ ಆ್ಯಂಟಿಬಯೋಟಿಕ್ ಹಾಕೋಣ ಎಂದರು ಸರ್ಜನ್.

ನೋವಿನ ಚಾರ್ಟ್‌ನಲ್ಲಿ ರಾತ್ರಿಯಿಡೀ ‘2’ ಎಂದು ಬರೆದಿತ್ತು. ನೋವಿದೆಯಾ ಅಂತ ಕೇಳಿದರೆ ಆಕೆ “ಪರವಾಗಿಲ್ಲ ಕಣವ್ವ” ಎನ್ನುತ್ತಿದ್ದರು, ನರ್ಸ್ ಎರಡು ಎಂದು ಬರೆದುಕೊಳ್ಳುತ್ತಿದ್ದರು. ಆ ತಲೆಮಾರಿನ ಹೆಂಗಸರು ಆಸ್ಪತ್ರೆಯವರಿಗೆ ತೊಂದರೆ ಕೊಡಬಾರದೆಂದು ಹಲ್ಲು ಕಚ್ಚುತ್ತಾರೆ. “ಒಂದ್ಸಲ ಕೆಮ್ಮಿ ತೋರ್ಸಮ್ಮ” ಎಂದೆ. ದಿಂಬು ತೆಗೆದುಕೊಂಡು ಹೊಟ್ಟೆಗೆ ಒತ್ತಿಕೊಂಡರು, ಕಲಿಸಿದ್ದು ಮರೆತಿರಲಿಲ್ಲ. ಬಾಯಿ ತೆರೆದರು, ಕಣ್ಣಲ್ಲಿ ನೀರು ಬಂತು, ಕೆಮ್ಮು ಬರಲಿಲ್ಲ. ಬೆನ್ನು ತಿರುಗಿಸಿ ನೋಡಿದರೆ ಎಪಿಡ್ಯೂರಲ್ ಡ್ರೆಸ್ಸಿಂಗ್ ಒದ್ದೆ. ಕ್ಯಾಥೆಟರ್ ಜಾರಿ ಹೊರಗೆ ಬಂದಿತ್ತು. ಪಂಪ್ ರಾತ್ರಿಯಿಡೀ ಔಷಧವನ್ನು ಹಾಸಿಗೆಗೆ ಹಾಕಿತ್ತು.

ರಕ್ತ ಹೆಪ್ಪುಗಟ್ಟದಿರಲು ಕೊಡುವ ಹೆಪಾರಿನ್ ಚುಚ್ಚುಮದ್ದು ಕೆಲವೇ ಗಂಟೆ ಹಿಂದೆ ಆಗಿದ್ದರಿಂದ ಮತ್ತೆ ಬೆನ್ನಿಗೆ ಸೂಜಿ ಹಾಕುವಂತಿರಲಿಲ್ಲ. ಅಲ್ಟ್ರಾಸೌಂಡ್ ನೋಡಿಕೊಂಡು ಪಕ್ಕೆಲುಬಿನ ಅಂಚಿನ ಕೆಳಗೆ ಎರಡೂ ಕಡೆ ಹೊಟ್ಟೆಗೋಡೆಯ ನರಗಳನ್ನು ಮರಗಟ್ಟಿಸುವ ಬ್ಲಾಕ್ ಕೊಟ್ಟೆವು, ಜೊತೆಗೆ ಪ್ಯಾರಸಿಟಮಾಲ್, ತುಸು ಮಾರ್ಫಿನ್. ಅರ್ಧ ಗಂಟೆಗೆ ಕೆಮ್ಮು ಬಂತು, ಹಿಂದೆಯೇ ಕಫದ ಗಟ್ಟಿ ಉಂಡೆ. ಮಾಸ್ಕ್ ಕಟ್ಟಿ ಒತ್ತಡದ ಗಾಳಿ ಕೊಡಲು ಸರ್ಜನ್‌ಗೆ ಹೊಸ ಹೊಲಿಗೆಯ ಚಿಂತೆ. ಮೂಗಿನ ಮೂಲಕ ಹೆಚ್ಚು ಹರಿವಿನ ಆಕ್ಸಿಜನ್ ಒಂದು ದಿನ ಕೊಟ್ಟೆವು. ಕಫ ಕಲ್ಚರ್‌ಗೆ ಕಳಿಸಿ, ಆ್ಯಂಟಿಬಯೋಟಿಕ್ ಬದಲಿಸದೆ ಒಂದು ದಿನ ನೋಡೋಣ ಎಂದು ಸರ್ಜನ್‌ರನ್ನು ಒಪ್ಪಿಸಬೇಕಾಯಿತು. ಜ್ವರ ತಾನಾಗಿ ಇಳಿಯಿತು, ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ನಾಲ್ಕನೇ ದಿನ ಆಕ್ಸಿಜನ್ ಬಿಟ್ಟು 94. ಒಂಬತ್ತನೇ ದಿನ ಮನೆಗೆ.

ಪ್ರೋವ್‌ಹಿಲೋ ಪಟ್ಟಿಯ ಪ್ರಕಾರ ಈಕೆಯನ್ನು ತೊಂದರೆಯಾದ 40 ಶೇಕಡದ ಜೊತೆಗೇ ಸೇರಿಸಬೇಕು. ವೆಂಟಿಲೇಟರ್ ಅಂಕಿಗಳೆಲ್ಲ ಸರಿಯಿದ್ದೂ ಹೀಗಾಯಿತೆಂದು ಅಂಕಿಗಳನ್ನು ಹಳಿಯುವಂತಿಲ್ಲ. ಓಟಿಯಲ್ಲಿ ನಾಲ್ಕು ಗಂಟೆ ಕಾಪಾಡಿದ ಎಡ ತಳವನ್ನು ವಾರ್ಡಿನಲ್ಲಿ ಎಂಟು ಗಂಟೆಯ ನೋವು ಮುಚ್ಚಿಹಾಕಿತ್ತು. ಈ ಬಗೆಯ ಅಧ್ಯಯನಗಳಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣದಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಅನುಮಾನ.

ಇದಾದ ಮೇಲೆ ನಮ್ಮ ಘಟಕದಲ್ಲಿ ಆದ ಬದಲಾವಣೆ ಎರಡು. ನೋವಿನ ಚಾರ್ಟ್‌ನಲ್ಲಿ ‘ಕೆಮ್ಮಿದಾಗ’ ಎಂಬ ಇನ್ನೊಂದು ಕಾಲಂ ಬಂತು, ಪ್ರತಿ ಪಾಳಿಗೆ ಒಮ್ಮೆ ಬೆನ್ನು ನೋಡಬೇಕೆಂದೂ ಸೇರಿಸಿದೆವು. ಮತ್ತೆ, ಪ್ರತಿ ವೆಂಟಿಲೇಟರ್ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ. ಹೆಂಗಸರಿಗೆ: 145 ಸೆಂ.ಮೀ. ಇದ್ದರೆ 39 ಕೆ.ಜಿ., 150ಕ್ಕೆ 43, 155ಕ್ಕೆ 48, 160ಕ್ಕೆ 52. ಗಂಡಸರಿಗೆ: 160ಕ್ಕೆ 57, 165ಕ್ಕೆ 61, 170ಕ್ಕೆ 66. ಏಳರಿಂದ ಗುಣಿಸಿ ಶುರು ಮಾಡಿ, ಆಮೇಲೆ ಪ್ಲಾಟೋ ನೋಡಿ ಹೊಂದಿಸಿ. ಬೆನ್ನು ಬಾಗಿದ ವಯಸ್ಸಾದವರನ್ನು ನಿಲ್ಲಿಸಿ ಅಳೆದರೆ ಎತ್ತರ ಕಡಿಮೆ ಬರುತ್ತದೆ. ಎರಡು ತೋಳು ಚಾಚಿಸಿ ಬೆರಳತುದಿಯಿಂದ ಬೆರಳತುದಿಗೆ ಅಳೆದು ಅದನ್ನೇ ಎತ್ತರವೆಂದು ಹಿಡಿಯುತ್ತೇವೆ. ಚೀಟಿ ಅಂಟಿಸಿದ ಮೇಲೆ ಗೊತ್ತಾದದ್ದು, ತಪಾಸಣೆಯ ಹಾಳೆಗಳಲ್ಲಿ ತೂಕ ಎಲ್ಲರದ್ದೂ ಇದೆ, ಎತ್ತರದ ಜಾಗ ಬಹುಪಾಲು ಖಾಲಿ. ಈಗ ಹೊರರೋಗಿ ವಿಭಾಗದ ಗೋಡೆಗೆ ಟೇಪ್ ಬಡಿಸಿದ್ದೇವೆ. ಎತ್ತರ ಬರೆಯದ ಹಾಳೆಯನ್ನು ಓಟಿ ಪಟ್ಟಿಗೆ ಸೇರಿಸುವುದಿಲ್ಲ ಎಂದು ಸಿಸ್ಟರ್‌ಗಳು ಹಟ ಹಿಡಿದಿದ್ದಾರೆ, ನಾನು ಅವರ ಪರ.